ಡೇಟ್ ತಪ್ಪಿದ ಮೇಲೆ ಆ ಮಾತ್ರೆ ನುಂಗಿ ಏನು ಪ್ರಯೋಜನ?

ಐಪಿಲ್‌ನಂಥ ತುರ್ತು ಗರ್ಭನಿರೋಧಕ ಮಾತ್ರೆಯ ಪೊಟ್ಟಣದ ಮೇಲೆ, ಸೇರಿದ ಮೇಲೆ 72 ಗಂಟೆಯೊಳಗೆ ಅಂತ ದೊಡ್ಡದಾಗಿ ಬರೆದಿದ್ದೇ ತಪ್ಪಾಯಿತೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಓದಿದವರು 'ಇನ್ನೂ ಮೂರು ದಿನ ಟೈಮ್ ಇದೆ' ಅಂದುಕೊಂಡು ಸುಮ್ಮನಾಗುತ್ತಾರೆ. ಓದದವರು ಅದಕ್ಕೂ ಮುಂದೆ. ಮುಟ್ಟಿನ ಡೇಟ್ ತಪ್ಪುವವರೆಗೆ ಕಾದು, ಆಮೇಲೆ ನುಂಗಿ, ಇನ್ನೂ ಹದಿನೈದು ದಿನ ಬಿಟ್ಟು ಓಪಿಡಿಗೆ ಬಂದು ಕೂರುತ್ತಾರೆ. "ಮೇಡಂ, ಐಪಿಲ್ ತಗೊಂಡೆ, ಕೆಲಸಾನೇ ಮಾಡ್ಲಿಲ್ಲ" ಅನ್ನುತ್ತಾರೆ.

ಹೇಗೆ ಮಾಡಬೇಕು ತಾಯಿ, ಅದರ ಕೆಲಸ ಮುಗಿದು ಎಷ್ಟು ದಿನವಾಗಿತ್ತು!

ಈಚೆಗೆ ಬಂದವಳೊಬ್ಬಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು. ಎರಡು ಮಕ್ಕಳು, ಚಿಕ್ಕದು ಇನ್ನೂ ಹಾಲು ಬಿಟ್ಟಿಲ್ಲ. ನಿರೋಧ್ ಹರಿದ ಮಾರನೇ ದಿನವೇ ಗಂಡ ಮೆಡಿಕಲ್ ಶಾಪ್‌ಗೆ ಹೋಗಿ ಮಾತ್ರೆ ತಂದುಕೊಟ್ಟಿದ್ದ. ಅಷ್ಟು ಮಾಡುವ ಗಂಡಸರು ಎಷ್ಟು ಜನ ಇದ್ದಾರೆ ಹೇಳಿ. ಇವಳು ಅದನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು. ಯಾಕಮ್ಮ ಆವತ್ತೇ ತಗೊಳ್ಳಲಿಲ್ಲ ಅಂತ ಕೇಳಿದೆ. "ಡೇಟ್ ಆಗಿಬಿಟ್ರೆ ಸುಮ್ನೆ ವೇಸ್ಟ್ ಆಗುತ್ತಲ್ಲ ಅಂತ ಕಾದೆ ಮೇಡಂ. ಒಂದೇ ಮಾತ್ರೆಗೆ ನೂರು ರೂಪಾಯಿ." ಬೈಯಬೇಕು ಅಂತ ಬಾಯಿ ತೆಗೆದವಳು ಸುಮ್ಮನಾದೆ. ಸಂಸಾರ ತೂಗಿಸುವವಳ ಲೆಕ್ಕ ಅದು. ಲೆಕ್ಕ ಸರಿಯಾಗೇ ಇದೆ. ಮಾತ್ರೆ ಏನು ಮಾಡುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಈ ಮಾತ್ರೆ ಗರ್ಭ ತೆಗೆಯುವುದಿಲ್ಲ. ನಿಂತ ಗರ್ಭದ ಮೇಲೆ ಇದರ ಆಟ ನಡೆಯುವುದೇ ಇಲ್ಲ. ಒಂದಲ್ಲ, ಇಡೀ ಡಬ್ಬಿ ನುಂಗಿದರೂ ನಡೆಯುವುದಿಲ್ಲ (ದಯವಿಟ್ಟು ನುಂಗಬೇಡಿ). ಇದರಲ್ಲಿರುವುದು ಲೆವೊನೋರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್, 1.5 ಮಿಲಿಗ್ರಾಂ. ಆರೋಗ್ಯ ಕೇಂದ್ರದಲ್ಲಿ ಕೊಡುವ ದಿನದ ಮಾತ್ರೆ ಮಾಲಾ-ಎನ್‌ನಲ್ಲೂ ಇದೇ ಇದೆ, ಹತ್ತರಲ್ಲಿ ಒಂದು ಪಾಲು.

ಇದು ಮುಖ್ಯವಾಗಿ ಮಾಡುವುದು ಒಂದೇ ಕೆಲಸ. ಅಂಡ ಹೊರಗೆ ಬರುವುದನ್ನು ಕೆಲವು ದಿನ ಮುಂದಕ್ಕೆ ಹಾಕುತ್ತದೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಿರಬಹುದು. ಅಂಡದ ಆಯಸ್ಸು ಹೊರಬಂದ ಮೇಲೆ ಹೆಚ್ಚೆಂದರೆ ಒಂದು ದಿನ. ಹಾಗಾಗಿ ಗಂಡ ಹೆಂಡತಿ ಸೇರಿದ ರಾತ್ರಿಯೇ ಗರ್ಭ ನಿಂತುಬಿಡುತ್ತದೆ ಅನ್ನುವುದು ತಪ್ಪು. ಎಷ್ಟೋ ಸಲ ಅಂಡ ಇನ್ನೂ ಬಂದೇ ಇರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ಕಾಯುತ್ತಿದ್ದಾರೆ, ಡಿಪೋದಿಂದ ಬಸ್ಸು ಹೊರಟಿಲ್ಲ ಅಂತಿಟ್ಟುಕೊಳ್ಳಿ. ಮಾತ್ರೆ ಹೋಗಿ ಡಿಪೋದ ಗೇಟು ಹಾಕುತ್ತದೆ. ಕಾದು ಕಾದು ಜನ ಖಾಲಿಯಾದ ಮೇಲೆ ಬಸ್ಸು ಬಂದರೂ ಹತ್ತುವವರಿರುವುದಿಲ್ಲ. ಆದರೆ ಬಸ್ಸು ಆಗಲೇ ಹೊರಟುಬಿಟ್ಟಿದ್ದರೆ ಗೇಟು ಹಾಕಿ ಏನು ಬಂತು?

ಅಂಡ ಬಿಡುವ ಮುಂಚೆ ಎಲ್‌ಎಚ್ ಅನ್ನುವ ಇನ್ನೊಂದು ಹಾರ್ಮೋನ್ ಜೋರಾಗಿ ಏರುತ್ತದೆ. ಅದು ಏರಲು ಶುರುವಾಗುವ ಮೊದಲು ಮಾತ್ರೆ ಹೊಟ್ಟೆಗೆ ಬಿದ್ದಿರಬೇಕು. ಏರಿದ ಮೇಲೆ ತಗೊಂಡರೆ ಉಪಯೋಗ ಇಲ್ಲ ಅಂತಲೇ ಹೇಳಬೇಕು. ಆ ಗಳಿಗೆ ಯಾವುದು ಅಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಅದಕ್ಕೇ ಆದಷ್ಟು ಬೇಗ ಅಂತ ಬಡಕೊಳ್ಳುವುದು. ರಾತ್ರಿ ಎಡವಟ್ಟಾದರೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಹೋಗಿ. ಮೂರು ದಿನ ಕಳೆದುಹೋಗಿದ್ದರೆ ಐದನೇ ದಿನದವರೆಗೂ ಸ್ವಲ್ಪ ಫಲ ಇರಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಗರ್ಭ ತೆಗೆದ ಪಾಪ ಸುತ್ತಿಕೊಳ್ಳುತ್ತದೆ ಅಂತ ಹೆದರಿ ಮಾತ್ರೆಯನ್ನು ಕೈಯಲ್ಲೇ ಹಿಡಿದು ಕೂತವರೂ ಇದ್ದಾರೆ. ವೀರ್ಯಾಣು ಕೂಡಿದ ಅಂಡ ಗರ್ಭಕೋಶಕ್ಕೆ ಅಂಟದ ಹಾಗೆ ಇದು ತಡೆಯಬಹುದು ಅಂತ ಹಿಂದೆ ಮಾತ್ರೆಯ ಚೀಟಿಗಳಲ್ಲೇ ಬರೆದಿರುತ್ತಿತ್ತು. ಆಮೇಲಿನ ಸಂಶೋಧನೆಗಳಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಚೀಟಿಯಿಂದ ಆ ಸಾಲು ತೆಗೆಯಲು ಒಪ್ಪಿತು.

ಅಂಡ ಮುಂದಕ್ಕೆ ಹೋಗಿದೆ ಅಂದರೆ ಏನರ್ಥ? ಅದು ಇನ್ನೂ ಬರುವುದಿದೆ ಅಂತ. ಇದನ್ನು ಮಾತ್ರ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. 'ಮಾತ್ರೆ ಆಯ್ತಲ್ಲ, ಈ ತಿಂಗಳು ತೊಂದರೆ ಇಲ್ಲ' ಅಂತ ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ ಸೇರುತ್ತಾರೆ. ಆಗ ಸರಿಯಾಗಿ ಅಂಡ ಬರುವ ಹೊತ್ತು! ಮಾತ್ರೆ ಕಾಯುವುದು ಆಗಿಹೋದ ಒಂದು ಸಲಕ್ಕೆ, ಮುಂದಿನದಕ್ಕಲ್ಲ. ಡೇಟ್ ಆಗುವವರೆಗೆ ನಿರೋಧ್ ಬಳಸಿ. ಇಲ್ಲವೇ ಡಾಕ್ಟರನ್ನು ಕೇಳಿ ದಿನದ ಮಾತ್ರೆ ಶುರು ಮಾಡಿ.

ಮಾತ್ರೆ ತಗೊಂಡ ನಾಲ್ಕೈದು ದಿನಕ್ಕೆ ಸ್ವಲ್ಪ ಬ್ಲೀಡಿಂಗ್ ಆಗಬಹುದು. ಅದನ್ನು ನೋಡಿ 'ಎಲ್ಲಾ ಹೋಯ್ತು' ಅಂತ ನಿರಾಳವಾಗುವವರೇ ಜಾಸ್ತಿ. ಏನೂ ಹೋಗಿರುವುದಿಲ್ಲ. ಹಾರ್ಮೋನಿನ ಏರುಪೇರಿಗೆ ಹಾಗಾಗುತ್ತದೆ. ಬ್ಲೀಡಿಂಗ್ ಆಗಲೇ ಇಲ್ಲ ಅಂತ ಎರಡನೇ ಮಾತ್ರೆ ನುಂಗುವುದು, ಮೇಲೊಂದು ಪಪ್ಪಾಯಿ, ಎಳ್ಳು ಬೆಲ್ಲ ತಿನ್ನುವುದು ಎಲ್ಲ ವ್ಯರ್ಥ. ಎಳ್ಳು ಬೆಲ್ಲ ಸಂಕ್ರಾಂತಿಗೆ ತಿನ್ನಿ. ಇದನ್ನು ತಗೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದೂ ಸುಳ್ಳು. ಪದೇ ಪದೇ ತಗೊಂಡರೆ ಮುಟ್ಟಿನ ಲೆಕ್ಕ ತಪ್ಪುತ್ತದೆ, ದುಡ್ಡೂ ಖರ್ಚು, ಅಷ್ಟೇ.

ಈಗ ಅಂಗಡಿಯ ವಿಷಯ. 2005ರಿಂದ ನಮ್ಮ ದೇಶದಲ್ಲಿ ಇದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ. ಮದುವೆ ಆಗಿದೆಯಾ ಅಂತ ಕೇಳುವ ಹಕ್ಕು ಅಂಗಡಿಯವರಿಗೆ ಯಾರೂ ಕೊಟ್ಟಿಲ್ಲ. ಪಿಎಚ್‌ಸಿಗಳಲ್ಲಿ ಪುಕ್ಕಟೆ ಕೊಡಬೇಕು. ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತದೆ. ಆದರೆ ಆಶಾ ಅಂದರೆ ಪಕ್ಕದ ಬೀದಿಯ ಅಕ್ಕ. ಅವರನ್ನು ಕೇಳಲು ನಾಚಿಕೆಪಟ್ಟು ನಮ್ಮ ಹುಡುಗಿಯರು ಬಸ್ಸು ಹತ್ತಿ ಪೇಟೆಗೆ ಬರುತ್ತಾರೆ. ಹೋಗಲಿ, ಬರುವುದೇ ಒಳ್ಳೆಯದು.

ಪೇಟೆಯಲ್ಲಿ ಇನ್ನೊಂದು ಪೀಕಲಾಟ. ಹುಡುಗ ಕೌಂಟರ್ ಮುಂದೆ ನಿಂತು, ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಒಂದು ಕೆಮ್ಮಿನ ಸಿರಪ್ ಕೇಳುತ್ತಾನೆ, ಆಮೇಲೆ 'ಆ ಮಾತ್ರೆ ಕೊಡಿ' ಅಂತ ಪಿಸುಗುಡುತ್ತಾನೆ. ಯಾವ ಮಾತ್ರೆ? ಅಂಗಡಿಯವರು ಪೇಪರಲ್ಲಿ ಸುತ್ತಿ ಕೊಟ್ಟಿದ್ದು ಕೆಲವು ಸಲ ಗರ್ಭಪಾತದ ಕಿಟ್ ಆಗಿರುತ್ತದೆ. ಹೆಸರುಗಳೂ ಗೊಂದಲ ಮಾಡುವ ಹಾಗೇ ಇವೆ. ಕವರ್ ಬಿಚ್ಚಿ ನೋಡಿ. ಲೆವೊನೋರ್ಜೆಸ್ಟ್ರೆಲ್ ಅಂತಿದ್ದು ಒಂದೇ ಮಾತ್ರೆ ಇದ್ದರೆ ಸರಿ. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಅಂತಿದ್ದು ಐದು ಮಾತ್ರೆ ಇದ್ದರೆ ಅದೇ ಕಿಟ್. ಅದನ್ನು ಡಾಕ್ಟರು ನೋಡಿ, ಎಷ್ಟು ವಾರ ಅಂತ ಲೆಕ್ಕ ಹಾಕಿ, ಬರೆದುಕೊಡಬೇಕು. ಗರ್ಭ ನಾಳದಲ್ಲಿ ನಿಂತಿದ್ದರೆ ಆ ಕಿಟ್ ಏನೂ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಕಿಟ್ ನುಂಗಿ ವಾರಗಟ್ಟಲೆ ಬ್ಲೀಡಿಂಗ್ ಆಗಿ, ಬಿಳಿಚಿಕೊಂಡು ಬಂದವರಿಗೆ ರಕ್ತ ಕೊಡಿಸಿದ್ದೇವೆ.

ಬಲವಂತಕ್ಕೆ ಒಳಗಾದವರು ಅಂಗಡಿಗೆ ಅಲೆಯಬೇಕಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯಾದರೂ ಕೂಡಲೇ, ಪುಕ್ಕಟೆಯಾಗಿ ನೋಡಬೇಕು. ಮೊದಲು ಎಫ್‌ಐಆರ್ ತನ್ನಿ ಅನ್ನುವ ಹಾಗಿಲ್ಲ.

ಡಾಕ್ಟರ ಹತ್ತಿರ ಮುಚ್ಚಿಡಬಾರದ ಒಂದು ವಿಷಯ ಇದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಟಿಬಿಗೆ ಕೊಡುವ ರಿಫಾಂಪಿಸಿನ್ ಈ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಮಾತ್ರೆ ನುಂಗಿಯೂ ನುಂಗದ ಹಾಗೆ. ಗಂಡನ ಮನೆಗೆ ಗೊತ್ತಾಗದಂತೆ ಫಿಟ್ಸ್ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಅತ್ತೆಯನ್ನು ಹೊರಗೆ ಕೂರಿಸಿ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಅಂಥವರಿಗೆ, ತೂಕ 70 ಕಿಲೋ ದಾಟಿದವರಿಗೆ, ಮೂರು ದಿನ ಕಳೆದುಹೋದವರಿಗೆ ನಾನು ಹೇಳುವುದು ಕಾಪರ್-ಟಿ. ಹಳಬರು ವಂಕಿ ಅನ್ನುತ್ತಾರಲ್ಲ, ಅದೇ. ಐದು ದಿನದೊಳಗೆ ಹಾಕಿಸಿಕೊಂಡರೆ ನೂರರಲ್ಲಿ 99 ಜನಕ್ಕಿಂತ ಜಾಸ್ತಿ ಬಚಾವ್. ತಾಮ್ರ ವೀರ್ಯಾಣುವನ್ನೇ ಕೆಡಿಸುತ್ತದೆ. ಅಲ್ಲೇ ಬಿಟ್ಟರೆ ವರ್ಷಗಟ್ಟಲೆ ಚಿಂತೆಯಿಲ್ಲ. ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲಾರೆ, ಪರೀಕ್ಷೆ ಮಾಡಿಯೇ ಹಾಕಬೇಕು.

ಮಾತ್ರೆ ತಗೊಂಡು ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಿ. ಡೇಟ್ ಒಂದು ವಾರಕ್ಕಿಂತ ಮುಂದೆ ಹೋದರೆ, ಅಥವಾ ಮಾತ್ರೆ ತಗೊಂಡು ಮೂರು ವಾರವಾದರೂ ಡೇಟ್ ಆಗದಿದ್ದರೆ, ಮೂತ್ರದ ಟೆಸ್ಟ್ ಮಾಡಿ. ಪಾಸಿಟಿವ್ ಬಂತು, ಮಗು ಬೇಡ ಅಂದರೆ ಅದಕ್ಕೆ ಕಾನೂನಿದೆ. 2021ರ ತಿದ್ದುಪಡಿಯ ಮೇಲೆ ಗರ್ಭನಿರೋಧಕ ಕೈಕೊಟ್ಟಿದ್ದಕ್ಕೆ ಬರುವವರು ಮದುವೆಯಾದವರೇ ಆಗಿರಬೇಕು ಅಂತಿಲ್ಲ. ಬೇಗ ಬನ್ನಿ, ಅಷ್ಟೇ.

ಬೇಕು ಅನ್ನುವವರೂ ಇರುತ್ತಾರೆ. ಮೊನ್ನೆ ಬಂದ ದಂಪತಿ ಹಾಗೇ. ಮೊದಲು ಬೇಡ ಅಂತ ಮಾತ್ರೆ ನುಂಗಿದ್ದಳು, ಗರ್ಭ ನಿಂತ ಮೇಲೆ ಇಬ್ಬರಿಗೂ ಮನಸ್ಸಾಯಿತು. ಆದರೆ ಮಾತ್ರೆಯಿಂದ ಮಗುವಿಗೆ ಏನಾದರೂ ಊನವಾಗುತ್ತದೆ ಅಂತ ಯಾರೋ ಹೆದರಿಸಿ, ತೆಗೆಸಲು ಕಳಿಸಿದ್ದರು. ಹಾಗೆ ಊನವಾದದ್ದಕ್ಕೆ ಯಾವ ಆಧಾರವೂ ಇಲ್ಲ ಅಂದೆ. ಗಂಡ ಎರಡೆರಡು ಸಲ ಕೇಳಿದ, ಎರಡು ಸಲವೂ ಹೇಳಿದೆ. ಎಲ್ಲ ಬಸುರಿಯರಿಗೆ ಬರೆಯುವ ಹಾಗೇ ಫೋಲಿಕ್ ಆಸಿಡ್ ಬರೆದು, ತಾಯಿ ಕಾರ್ಡ್ ಮಾಡಿಸಿಕೊಳ್ಳಿ ಅಂತ ಕಳಿಸಿದೆ.