ಬೆಳಗ್ಗೆ ಎದ್ದಲ್ಲಿಂದ ಕಥೆ ಶುರು ಮಾಡಬೇಡಿ

ಪರೀಕ್ಷೆಗೆ ಹೊರಟಾಗ ಹಾಲ್ ಟಿಕೆಟ್ ಮನೆಯಲ್ಲೇ ಉಳಿದುಹೋದ ದಿನದ ಬಗ್ಗೆ ಇಂಗ್ಲಿಷಿನಲ್ಲಿ ನ್ಯಾರೇಟಿವ್ ಎಸ್ಸೆ, ಅಂದರೆ ಕಥೆಯಂತೆ ಹೇಳುವ ಪ್ರಬಂಧ, ಬರೆಯಿರಿ ಎಂದು ಹೇಳಿ ನೋಡಿ. ಬಹಳಷ್ಟು ಪ್ರಬಂಧಗಳು ಅಲಾರಾಂ ಹೊಡೆಯುವಲ್ಲಿಂದ ಶುರುವಾಗುತ್ತವೆ. ಎದ್ದೆ, ಹಲ್ಲುಜ್ಜಿದೆ, ಸ್ನಾನ ಮಾಡಿದೆ, ದೇವರಿಗೆ ಕೈ ಮುಗಿದೆ, ಉಪ್ಪಿಟ್ಟು ತಿಂದೆ. ಬಸ್ ಹತ್ತುವಷ್ಟರಲ್ಲಿ 150 ಪದ ಖರ್ಚಾಗಿರುತ್ತದೆ. ಐಸಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್ ಭಾಷಾ ಪತ್ರಿಕೆಯಲ್ಲಿ ಪ್ರಬಂಧಕ್ಕೆ ಸಿಗುವುದೇ 300ರಿಂದ 350 ಪದ. ಕೇಂಬ್ರಿಜ್ ಐಜಿಸಿಎಸ್‌ಇಯ ಫಸ್ಟ್ ಲ್ಯಾಂಗ್ವೇಜ್ ಇಂಗ್ಲಿಷ್ ಪತ್ರಿಕೆಯಲ್ಲಿ 350ರಿಂದ 450. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವವರ ಕಾಮನ್ ಆ್ಯಪ್ ಪ್ರಬಂಧಕ್ಕೂ 650 ಪದ ದಾಟುವಂತಿಲ್ಲ. ಇಷ್ಟು ಜಾಗದಲ್ಲಿ ಇಡೀ ದಿನ ಹಿಡಿಸುವುದಿಲ್ಲ, ಒಂದು ಗಂಟೆ ಹಿಡಿಸುತ್ತದೆ. ಹಾಗಾಗಿ ಪೆನ್ನು ಹಿಡಿಯುವ ಮೊದಲು ಆ ಒಂದು ಗಂಟೆ ಯಾವುದು ಎಂದು ಗುರುತು ಮಾಡಿಕೊಳ್ಳಿ.

ಗುರುತು ಹಚ್ಚಲು ಸುಲಭದ ದಾರಿಯಿದೆ. ಘಟನೆಯಲ್ಲಿ ಯಾವ ಕ್ಷಣದಿಂದ ಮುಂದೆ ಹಿಂದಿನಂತೆ ಇರಲು ಸಾಧ್ಯವಾಗಲಿಲ್ಲ? ಹಾಲ್ ಟಿಕೆಟ್ಟಿನ ಕಥೆಯಲ್ಲಿ ಅದು ಚೀಲದೊಳಗೆ ಕೈ ಹಾಕಿದ ಕ್ಷಣ. ಪ್ರಬಂಧ ಅದಕ್ಕಿಂತ ಎರಡು ನಿಮಿಷ ಮುಂಚೆ, ಬಸ್ಸಿನ ಸೀಟಿನಲ್ಲಿ ಶುರುವಾಗಲಿ. 350 ಪದದ ಲೆಕ್ಕದಲ್ಲಿ ಈ ತೆರೆಯುವ ದೃಶ್ಯಕ್ಕೆ 50 ಪದ ಕೊಡಿ. ಯಾವ ಪರೀಕ್ಷೆ, ಎಷ್ಟು ದೂರ, ಯಾಕೆ ಅಷ್ಟು ಮುಖ್ಯ ಎಂಬ ಹಿನ್ನೆಲೆಗೆ 60 ಸಾಕು. ಬಿಕ್ಕಟ್ಟಿಗೆ, ಅಂದರೆ ಬಸ್ ನಿಲ್ಲಿಸಿ ಇಳಿದದ್ದು, ಫೋನಿಗೆ ಪರದಾಡಿದ್ದು, ಗಡಿಯಾರ ನೋಡಿದ್ದು, ಇವಕ್ಕೆ ಕೈ ಬಿಚ್ಚಿ 150 ಕೊಡಿ. ಉಳಿದದ್ದು ಬಗೆಹರಿದ ರೀತಿಗೆ ಮತ್ತು ಮುಕ್ತಾಯಕ್ಕೆ. ಐದೋ ಹತ್ತೋ ಪದ ಆಚೀಚೆಯಾದರೆ ಏನೂ ಆಗುವುದಿಲ್ಲ. ಹಿನ್ನೆಲೆ ಬಿಕ್ಕಟ್ಟಿಗಿಂತ ಉದ್ದವಾದರೆ ಮಾತ್ರ ಪ್ರಬಂಧ ಸೋಲುತ್ತದೆ.

ಇನ್ನು ಭಾಷೆ. ಕನ್ನಡದಲ್ಲಿ ಯೋಚಿಸುವುದೇ ತಪ್ಪು ಎಂದು ಮಕ್ಕಳನ್ನು ಹೆದರಿಸುವವರಿದ್ದಾರೆ. ಅದು ಅನ್ಯಾಯ. ಕನ್ನಡದಲ್ಲಿ ಕಥೆ ಹೇಳಬಲ್ಲವರಿಗೆ ಕಥೆಯ ಓಟ, ತಿರುವು, ಮಾತಿನ ಕೊಂಕು ಎಲ್ಲ ಗೊತ್ತಿರುತ್ತದೆ. ಎಡವುವುದು ಕನ್ನಡದ ಸಲಕರಣೆಯನ್ನು ಹಾಗೆಯೇ ಇಂಗ್ಲಿಷಿಗೆ ಹೊತ್ತೊಯ್ದಾಗ.

'ಚೀಲ ತೆಗೆದು, ಜಿಪ್ ಎಳೆದು, ಒಳಗೆ ನೋಡಿದರೆ ಹಾಲ್ ಟಿಕೆಟ್ಟೇ ಇಲ್ಲ.' ಈ ವಾಕ್ಯ ಕನ್ನಡದಲ್ಲಿ ಸೊಗಸಾಗಿದೆ. ತೆಗೆದು, ಎಳೆದು ಎಂದು ಕ್ರಿಯೆಗಳು ಸರಪಳಿಯಾಗಿ ಹೋಗುತ್ತವೆ, 'ನೋಡಿದರೆ' ಎಂಬಲ್ಲಿ ಕೇಳುವವರ ಉಸಿರು ನಿಲ್ಲುತ್ತದೆ, 'ಇಲ್ಲ' ಎಂಬುದು ಕೊನೆಗೆ ಬಂದು ಬಡಿಯುತ್ತದೆ. ಇದನ್ನು ಪದಕ್ಕೆ ಪದ ಇಟ್ಟರೆ 'ಆಫ್ಟರ್ ಟೇಕಿಂಗ್ ದ ಬ್ಯಾಗ್, ಆಫ್ಟರ್ ಓಪನಿಂಗ್ ದ ಜಿಪ್, ವೆನ್ ಐ ಆ್ಯಮ್ ಸೀಯಿಂಗ್' ಎಂದು ಎಳೆದಾಡುತ್ತದೆ. ಇಂಗ್ಲಿಷ್ ಅದೇ ಪರಿಣಾಮವನ್ನು ಪೂರ್ಣವಿರಾಮದಿಂದ ತರುತ್ತದೆ. 'ಐ ಪುಲ್ಡ್ ದ ಬ್ಯಾಗ್ ಆನ್ ಟು ಮೈ ಲ್ಯಾಪ್. ಬುಕ್ಸ್, ಟಿಫಿನ್, ಪೆನ್ಸಿಲ್ ಬಾಕ್ಸ್. ನೋ ಹಾಲ್ ಟಿಕೆಟ್.' ಸರಪಳಿಯನ್ನು ತುಂಡರಿಸಿ, ಬೆಚ್ಚಿಬೀಳಿಸುವ ಸಂಗತಿಯನ್ನು ಗಿಡ್ಡ ವಾಕ್ಯಕ್ಕೆ ಬಿಡಿ. 'ನೋಡಿದರೆ' ಮಾಡುತ್ತಿದ್ದ ಕೆಲಸವನ್ನು ಆ ಗಿಡ್ಡ ವಾಕ್ಯ ಮಾಡುತ್ತದೆ.

ಕಾಲದ ವಿಷಯದಲ್ಲೂ ಹೀಗೆಯೇ. ಬಾಯಿಮಾತಿನಲ್ಲಿ 'ಹೋದೆ, ಬಾಗಿಲು ತಟ್ಟಿದೆ, ಯಾರೂ ಬರ್ತಿಲ್ಲ, ಮತ್ತೆ ತಟ್ತೀನಿ' ಎಂದು ಭೂತದಿಂದ ವರ್ತಮಾನಕ್ಕೆ ಜಿಗಿಯುವುದು ನಮಗೆ ಸಹಜ. ಪರೀಕ್ಷೆಯ ಇಂಗ್ಲಿಷಿನಲ್ಲಿ ಅದು ಟೆನ್ಸ್ ತಪ್ಪು. ಭೂತಕಾಲದಲ್ಲಿ ಶುರು ಮಾಡಿದರೆ ಕಡೆಯವರೆಗೂ ಅಲ್ಲೇ ಇರಿ. 'ಹ್ಯಾಡ್' ಬೇಕಾಗುವುದು ಹೆಚ್ಚಾಗಿ ಕಥೆಯ ಆ ಕ್ಷಣಕ್ಕೂ ಮೊದಲೇ ಮುಗಿದುಹೋದದ್ದಕ್ಕೆ. 'ನಾನು ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು' ಎಂಬಲ್ಲಿನ ಆ 'ಇತ್ತು' ಇದೆಯಲ್ಲ, ಅಲ್ಲಿ 'ದ ಬಸ್ ಹ್ಯಾಡ್ ಲೆಫ್ಟ್' ಸರಿಯಾಗಿ ಕೂರುತ್ತದೆ. ಸುಮ್ಮನೆ ಬಸ್ಸು ಹೊರಟಿತು ಎನ್ನುವುದಕ್ಕೆ 'ಲೆಫ್ಟ್' ಒಂದೇ ಸಾಕು.

ಸಂಭಾಷಣೆಯಲ್ಲಿ ಆಗುವ ಅನಾಹುತ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಅರ್ಥವೇ ತಿರುಗಿಬೀಳುತ್ತದೆ. 'ನಾನೇ ತರ್ತೀನಿ ಅಂತ ಅಣ್ಣ ಹೇಳಿದ' ಎಂದರೆ ತರುವವನು ಅಣ್ಣ ಎಂದು ಕನ್ನಡದವರಿಗೆ ಗೊತ್ತು. ಅದನ್ನೇ 'ಮೈ ಬ್ರದರ್ ಟೋಲ್ಡ್ ದಟ್ ಐ ವಿಲ್ ಬ್ರಿಂಗ್ ಇಟ್' ಎಂದು ಬರೆದರೆ ಇಂಗ್ಲಿಷ್ ಓದುಗನ ಪಾಲಿಗೆ ತರುವವರು ನೀವು. 'ಹಿ ಸೆಡ್ ಹಿ ವುಡ್ ಬ್ರಿಂಗ್ ಇಟ್' ಎನ್ನಿ, ಇಲ್ಲವೇ ಅಣ್ಣನ ಮಾತನ್ನು ಉದ್ಧರಣ ಚಿಹ್ನೆಯೊಳಗೆ ನೇರವಾಗಿ ಇಡಿ. ಮಾತಾಡುವವರು ಬದಲಾದಾಗಲೆಲ್ಲ ಹೊಸ ಪ್ಯಾರಾ. 'ಸೆಡ್' ಪದ ಹತ್ತು ಸಲ ಬಂದರೂ ಯಾರ ಕಣ್ಣಿಗೂ ಚುಚ್ಚುವುದಿಲ್ಲ, 'ಎಕ್ಸ್‌ಕ್ಲೇಮ್ಡ್' ಎರಡು ಸಲ ಬಂದರೆ ಚುಚ್ಚುತ್ತದೆ. 350 ಪದದಲ್ಲಿ ನಾಲ್ಕೈದು ಸಾಲು ಮಾತು ಮಿತಿ.

ಇಂಗ್ಲಿಷಿನ 'ಎ' ಮತ್ತು 'ದ' ಬಗ್ಗೆ ಗಾಬರಿಯಾಗುವವರಿಗೆ ಒಂದು ಸುದ್ದಿ. ಆ ವ್ಯತ್ಯಾಸ ಕನ್ನಡದಲ್ಲೂ ಇದೆ. 'ಒಬ್ಬ ಮುದುಕ ಬಸ್ ಹತ್ತಿದ. ಆ ಮುದುಕನ ಕೈಯಲ್ಲಿ ಕೊಡೆ ಇತ್ತು.' ಮೊದಲ ಸಲ 'ಆ್ಯನ್ ಓಲ್ಡ್ ಮ್ಯಾನ್', ಎರಡನೇ ಸಲ 'ದಿ ಓಲ್ಡ್ ಮ್ಯಾನ್'. ಕನ್ನಡ ಬರಿದೇ ಬಿಟ್ಟ 'ಕೊಡೆ'ಗೆ ಇಂಗ್ಲಿಷ್ 'ಆ್ಯನ್' ಕೇಳುತ್ತದೆ, ಅಷ್ಟೇ.

ನಾವು ಹೆಚ್ಚು ಹೊತ್ತು ನಿಲ್ಲಬೇಕಾದ್ದು ಕ್ರಿಯಾಪದದ ಹತ್ತಿರ. ಕನ್ನಡದಲ್ಲಿ ಮಳೆ ಪಟಪಟ ಬೀಳುತ್ತದೆ, ಪಾತ್ರೆ ದಡಬಡ ಉರುಳುತ್ತದೆ, ಮೈ ಗಡಗಡ ನಡುಗುತ್ತದೆ, ಮಗು ಕಣ್ಣು ಪಿಳಿಪಿಳಿ ಬಿಡುತ್ತದೆ. ಚಿತ್ರವೂ ಸದ್ದೂ ಈ ಜೋಡಿ ಪದಗಳಲ್ಲಿವೆ, ಕ್ರಿಯಾಪದ ಸಾಧಾರಣದ್ದು. ಇಂಗ್ಲಿಷಿನಲ್ಲಿ ಆ ಸದ್ದು ಹೆಚ್ಚಾಗಿ ಕ್ರಿಯಾಪದದ ಹೊಟ್ಟೆಯೊಳಗೇ ಇರುತ್ತದೆ. ಮಳೆ 'ಪ್ಯಾಟರ್ಡ್', ಪಾತ್ರೆ 'ಕ್ಲ್ಯಾಟರ್ಡ್', ಮೈ 'ಶಿವರ್ಡ್', ಮಗು 'ಬ್ಲಿಂಕ್ಡ್'. ಕುಂಟುತ್ತಾ ನಡೆದ ಎಂಬ ಎರಡು ಪದ ಅಲ್ಲಿ 'ಲಿಂಪ್ಡ್' ಎಂಬ ಒಂದೇ ಪದ. ಇದು ಗೊತ್ತಿಲ್ಲದವರು 'ವೆಂಟ್, ಕೇಮ್, ಗಾಟ್, ಡಿಡ್' ಎಂದು ಬರೆದು, ಆ ಸಪ್ಪೆಯನ್ನು ಮುಚ್ಚಲು 'ವೆರಿ' ಸೇರಿಸುತ್ತಾರೆ, ಇಲ್ಲವೇ 'ಸ್ಲೋಲಿ ಸ್ಲೋಲಿ' ಎಂದು ಜೋಡಿ ಮಾಡುತ್ತಾರೆ. ಒಂದು ನೋಟ್‌ಬುಕ್ಕಿನ ಎಡಬದಿಗೆ ನಿಮಗೆ ಗೊತ್ತಿರುವ ಕನ್ನಡದ ಅನುಕರಣ ಪದಗಳನ್ನು ಬರೆಯಿರಿ, ಬಲಬದಿಗೆ ಅದಕ್ಕೆ ಹೊಂದುವ ಇಂಗ್ಲಿಷ್ ಕ್ರಿಯಾಪದವನ್ನು ನಿಘಂಟು ನೋಡಿ ತುಂಬಿ. ದಿನಕ್ಕೆ ಮೂರು ಸಾಕು. ಕೋಚಿಂಗ್ ಪಟ್ಟಿಗಳಲ್ಲಿ ಉರು ಹೊಡೆಸುವ 'ಪ್ಲೆಥೊರಾ'ದಂಥ ಭಾರದ ಪದಗಳು ಕಥೆಗೆ ಬೇಕಿಲ್ಲ.

ಅಜ್ಜಿಯನ್ನು 'ಗ್ರ್ಯಾಂಡ್‌ಮದರ್' ಮಾಡಲೇಬೇಕೆಂದೂ ಇಲ್ಲ, ಜೋಳದ ರೊಟ್ಟಿಯನ್ನು 'ಬ್ರೆಡ್' ಎಂದು ಕೆಡಿಸುವುದಂತೂ ಬೇಡವೇ ಬೇಡ. ಅಜ್ಜಿ ಎಂದೇ ಬರೆದು, ಅವಳು ಹಿಟ್ಟನ್ನು ಅಂಗೈಯಿಂದ ತಟ್ಟುವ ಸದ್ದನ್ನು ಒಂದು ವಾಕ್ಯದಲ್ಲಿ ಕೊಟ್ಟರೆ ಯಾವ ದೇಶದ ಓದುಗನಿಗೂ ಅರ್ಥವಾಗುತ್ತದೆ.

ಮುಕ್ತಾಯಕ್ಕೆ ಬಂದಾಗ ನೀತಿಕಥೆಯ ಅಭ್ಯಾಸ ತಲೆ ಎತ್ತುತ್ತದೆ. 'ಅಂದಿನಿಂದ ಜವಾಬ್ದಾರಿ ಎಂದರೇನು ಎಂದು ಕಲಿತೆ' ಎಂಬ ಸಾಲು ಯಾವ ಪ್ರಬಂಧಕ್ಕಾದರೂ ಅಂಟುತ್ತದೆ, ಆದ್ದರಿಂದಲೇ ಯಾವುದಕ್ಕೂ ಸೇರುವುದಿಲ್ಲ. ಬದಲಾದದ್ದನ್ನು ಕೆಲಸದಲ್ಲಿ ತೋರಿಸಿ: ಮರುದಿನ ಬೆಳಗ್ಗೆ ಹಾಲ್ ಟಿಕೆಟ್ ಟಿಫಿನ್ ಡಬ್ಬಿಯ ಮೇಲೆ ರಬ್ಬರ್ ಬ್ಯಾಂಡಿನಡಿ ಇತ್ತು, ಅಮ್ಮ ಒಂದು ಮಾತೂ ಆಡಲಿಲ್ಲ. ಕಾಮನ್ ಆ್ಯಪ್ ಪ್ರಬಂಧ ಇದಕ್ಕಿಂತ ಕೊಂಚ ಬೇರೆ. ಅಲ್ಲಿ ಓದುವವರಿಗೆ ನಿಮ್ಮ ಆಲೋಚನೆ ಬೇಕು, ಹಾಗಾಗಿ 650ರಲ್ಲಿ 150 ಪದವಾದರೂ ಅದಕ್ಕೆ ಮೀಸಲಿಡಿ. ಆ ಆಲೋಚನೆಯೂ ನಿಮ್ಮ ಘಟನೆಯೊಳಗಿನ ವಸ್ತುವನ್ನೇ ಹಿಡಿದು ಹೊರಡಲಿ.

ಬರೆದು ಮುಗಿಸಿದ ಮೇಲೆ ಐದು ನಿಮಿಷ ಉಳಿಸಿಕೊಳ್ಳಿ. ಮೊದಲು ಕ್ರಿಯಾಪದಗಳಷ್ಟರ ಮೇಲೆ ಪೆನ್ಸಿಲ್ ಓಡಿಸಿ ಕಾಲ ನೋಡಿ, 'ವೆಂಟ್, ಗಾಟ್' ಎಲ್ಲೆಲ್ಲಿ ಗುಂಪುಗೂಡಿವೆ ನೋಡಿ, ಅಂಥ ಮೂರನ್ನಾದರೂ ಬದಲಿಸಿ. ಮತ್ತೊಮ್ಮೆ ಉದ್ಧರಣ ಚಿಹ್ನೆಗಳಿಗಾಗಿ ಮಾತ್ರ ಓದಿ, ತೆರೆದದ್ದೆಲ್ಲ ಮುಚ್ಚಿದೆಯೇ ಎಂದು. ಕೊನೆಗೆ ಮೊದಲ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಎರಡನೆಯದರಿಂದ ಓದಿ. ಏನೂ ಕಳೆದುಹೋಗಲಿಲ್ಲ ಎನಿಸಿದರೆ ಆ ಪ್ಯಾರಾವನ್ನು ಹೊಡೆದುಹಾಕಿ.