ಐವರ ಹಿಂದೆ ನಿಲ್ಲುವ ಹುಡುಗ

ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮುಗಿದ ಮರುದಿನದಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ ಬರತೊಡಗುತ್ತದೆ. ಹೊಸದಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರನನ್ನು, ಮೊದಲ ಪಂದ್ಯಕ್ಕೇ ಇಳಿಸಬೇಕೋ, ಒಂದು ವರ್ಷ ಬೆಂಚಿನ ಮೇಲೆ ಕೂರಿಸಬೇಕೋ ಎಂಬುದೇ ಆ ಪ್ರಶ್ನೆ. ಕೇಳುವವರು ಹೆಚ್ಚಾಗಿ ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡದ ಗೆಳೆಯರು. ಅವರು ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕಟ್ಟಿಕೊಂಡೇ ಬರುತ್ತಾರೆ. ಕೂರಿಸಬೇಕು ಎನ್ನುವವರು ಒಂದು ವರ್ಷ ಕಾದು ಮೆರೆದ ಪ್ಯಾಟ್ರಿಕ್ ಮಹೋಮ್ಸ್ ಹೆಸರು ಹೇಳುತ್ತಾರೆ, ಆಡಿಸಬೇಕು ಎನ್ನುವವರು ಮೊದಲ ಪಂದ್ಯದಿಂದಲೇ ಆಡಿದ ಪೇಟನ್ ಮ್ಯಾನಿಂಗ್ ಹೆಸರು ಹೇಳುತ್ತಾರೆ, ಇವೆರಡೂ ಸಾಲದವರು ತೆಂಡೂಲ್ಕರ್ ಹದಿನಾರನೆಯ ವಯಸ್ಸಿಗೇ ಕರಾಚಿಯಲ್ಲಿ ಟೆಸ್ಟ್ ಆಡಲಿಲ್ಲವೇ ಎಂದು ವಾದ ಮುಗಿಸುತ್ತಾರೆ.

ನಾನು ಎನ್‌ಎಫ್‌ಎಲ್ ತಂಡವೊಂದರಲ್ಲಿ ಕೆಲಸ ಮಾಡಿದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಟೆಕ್ಸಸ್‌ನ ಪ್ರೌಢಶಾಲಾ ತಂಡಗಳಲ್ಲಿ ಹದಿನೆಂಟು ವರ್ಷಗಳಿಂದ ಕ್ವಾರ್ಟರ್‌ಬ್ಯಾಕ್ ಹುಡುಗರಿಗೆ ತರಬೇತಿ ಕೊಡುತ್ತಿದ್ದೇನೆ, ಮತ್ತು ವೃತ್ತಿಪರ ಪಂದ್ಯಗಳ ವಿಡಿಯೊವನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುವುದರಲ್ಲಿ ಮನೆಯವರ ಸಹನೆ ಮೀರುವಷ್ಟು ಸಮಯ ಕಳೆದಿದ್ದೇನೆ. ಆಟದ ನಿಯಮಗಳನ್ನು ಇಲ್ಲಿ ವಿವರಿಸುವುದಿಲ್ಲ. ಭಾನುವಾರ ಟಿವಿಯ ಮುಂದೆ ಕೂರುವವರಿಗೆ ಅವು ಗೊತ್ತು. ಆದರೆ ಹಾಗೆ ಕೂರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನೋಡದೇ ಬಿಡುವ ಒಂದು ವಿಷಯವಿದೆ, ಮತ್ತು ಮೇಲಿನ ಪ್ರಶ್ನೆಗೆ ಉತ್ತರವಿರುವುದು ಅದರಲ್ಲೇ.

ಕ್ವಾರ್ಟರ್‌ಬ್ಯಾಕ್‌ನ ಕೆಲಸ ಚೆಂಡು ಎಸೆಯುವುದು ಎಂದು ಜನ ತಿಳಿದಿದ್ದಾರೆ. ಎಸೆಯುವುದು ಕೊನೆಯ ಕೆಲಸ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾಗುವ ಪ್ರತಿಯೊಬ್ಬ ಹುಡುಗನಿಗೂ ಎಸೆಯಲು ಬರುತ್ತದೆ. ಬಾರದಿದ್ದರೆ ಅವನು ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಅವನಿಗೆ ಬಾರದಿರುವುದು ಎಣಿಕೆ. ಅವನ ಮುಂದೆ ತಡೆಯಲೆಂದು ನಿಂತವರು ಐದು ಜನ: ನಡುವೆ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಎದುರಾಳಿ ಸಾಲಿನಲ್ಲಿ ಆರು ಜನ ನುಗ್ಗುವಂತೆ ಬಾಗಿ ನಿಂತಿದ್ದಾರೆ ಎಂದುಕೊಳ್ಳಿ. ಐವರು ಐವರನ್ನು ಹಿಡಿದರೆ ಒಬ್ಬ ಉಳಿಯುತ್ತಾನೆ. ಅವನಿಗಾಗಿ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನು ನಿಲ್ಲಿಸಿಕೊಳ್ಳಬಹುದು, ಆದರೆ ಆಗ ಚೆಂಡು ಹಿಡಿಯಲು ಓಡುವವರಲ್ಲಿ ಒಬ್ಬ ಕಡಿಮೆಯಾಗುತ್ತಾನೆ. ನಿಲ್ಲಿಸಿಕೊಳ್ಳದಿದ್ದರೆ, ಆ ಉಳಿದವನು ತನ್ನನ್ನು ಮುಟ್ಟುವ ಮುನ್ನ ಚೆಂಡನ್ನು ಯಾರ ಕೈಗೆ ತಲುಪಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಇಷ್ಟೇ ಆಗಿದ್ದರೆ ಮೂರನೆಯ ತರಗತಿಯ ಲೆಕ್ಕವಾಗುತ್ತಿತ್ತು. ಆದರೆ ವೃತ್ತಿಪರ ಲೀಗಿನಲ್ಲಿ ಎದುರಾಳಿಗಳು ಆರು ಜನರನ್ನು ತೋರಿಸಿ ನಾಲ್ವರನ್ನು ಕಳುಹಿಸುತ್ತಾರೆ, ನಾಲ್ವರನ್ನು ತೋರಿಸಿ ಎಲ್ಲಿಂದಲೋ ಆರನೆಯವನನ್ನು ಕಳುಹಿಸುತ್ತಾರೆ, ಎಡಗಡೆ ಹಲ್ಲು ಕಡಿಯುತ್ತಾ ನಿಂತಿದ್ದವನು ಚೆಂಡು ಸ್ನ್ಯಾಪ್ ಆದೊಡನೆ, ಅಂದರೆ ಸೆಂಟರ್ ಅದನ್ನು ಹಿಂದಕ್ಕೆ ಕೊಟ್ಟೊಡನೆ, ಹಿಂದಕ್ಕೆ ಸರಿದು, ನೀವು ಯಾರಿಗೆ ಎಸೆಯಬೇಕೆಂದುಕೊಂಡಿದ್ದಿರೋ ಅವನ ಎದುರಿಗೇ ಹೋಗಿ ನಿಂತಿರುತ್ತಾನೆ.

ಈ ಎಣಿಕೆಗೆ ಸಿಗುವ ಕಾಲವೆಷ್ಟು? ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ತರಬೇತುದಾರ ಮಾತಾಡುತ್ತಿರುತ್ತಾನಾದರೂ, ಪ್ರತಿ ಸಲ ಚೆಂಡು ಸ್ನ್ಯಾಪ್ ಆಗುವ ಮುನ್ನ ಓಡುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಧ್ವನಿ ಕಡಿದುಹೋಗುತ್ತದೆ. ಅಲ್ಲಿಂದಾಚೆಗೆ ಹುಡುಗ ಒಬ್ಬನೇ. ಅಷ್ಟರಲ್ಲಿ ಎದುರಿನ ಸಾಲನ್ನು ಓದಿ, ಯಾರನ್ನು ಎಣಿಕೆಯ ನಡುಬಿಂದುವಾಗಿ ಹಿಡಿಯಬೇಕೆಂದು ಕೂಗಿ ಹೇಳಿ, ಸಾಲು ಎಡಕ್ಕೆ ಜಾರಬೇಕೋ ಬಲಕ್ಕೆ ಜಾರಬೇಕೋ ತೀರ್ಮಾನಿಸಿ, ಉಳಿಯುವವನು ಯಾವ ಕಡೆಯಿಂದ ಬರುತ್ತಾನೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ತೆಂಡೂಲ್ಕರ್ ಹೋಲಿಕೆ ನಿಲ್ಲದಿರುವುದು ಇಲ್ಲಿಯೇ. ಬ್ಯಾಟುಗಾರ ಚೆಂಡನ್ನು ಎದುರಿಸುವಾಗ ಅವನ ತಪ್ಪು ಅವನದು, ಸರಿಯೂ ಅವನದು; ಅವನ ಆಫ್ ಸ್ಟಂಪನ್ನು ಕಾಯಲು ಬೇರೆ ಐವರನ್ನು ನೇಮಿಸಿರುವುದಿಲ್ಲ, ಆ ಐವರು ಯಾರನ್ನು ಕಾಯಬೇಕೆಂದು ಅವನು ಕೂಗಿ ಹೇಳಬೇಕಾದ ಪ್ರಮೇಯವೂ ಇಲ್ಲ.

ಆದ್ದರಿಂದ ಯಾವಾಗ ಇಳಿಸಬೇಕು ಎಂದು ಯಾರಾದರೂ ಕೇಳಿದರೆ, ಎಣಿಕೆಯನ್ನು ಯಾರು ಮಾಡುತ್ತಾರೆ ಮತ್ತು ಮುಂದಿನ ಐವರು ಎಂಥವರು ಎಂದು ನಾನು ತಿರುಗಿ ಕೇಳುತ್ತೇನೆ. ಫೋನಿನ ಆ ತುದಿಯಲ್ಲಿ ಸಾಮಾನ್ಯವಾಗಿ ಮೌನ.

ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1998ರಲ್ಲಿ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಇಂಡಿಯಾನಾಪೊಲಿಸ್ ಸೇರಿದ ಪೇಟನ್ ಮ್ಯಾನಿಂಗ್ ಹದಿನಾರೂ ಪಂದ್ಯ ಆಡಿ 28 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈಸೇರುವುದು) ಕೊಟ್ಟರು. ಹೊಸಬರ ಮಟ್ಟಿಗೆ ಅದು ದಾಖಲೆ. ತಂಡ ಗೆದ್ದದ್ದು ಮೂರೇ ಪಂದ್ಯ. ನೋಡಿ, ಅಷ್ಟು ಸೋತರೂ ಕಲಿತರು, ಮರುವರ್ಷ ತಂಡ 13 ಪಂದ್ಯ ಗೆದ್ದಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಮೊದಲ ಋತುವಿನಲ್ಲಿ ಅವರು ಸ್ಯಾಕ್ ಆದದ್ದು, ಅಂದರೆ ಎಸೆಯುವ ಮುನ್ನವೇ ನೆಲಕ್ಕುರುಳಿದ್ದು, 22 ಬಾರಿ ಮಾತ್ರ ಎಂಬುದನ್ನು ಯಾರೂ ಹೇಳುವುದಿಲ್ಲ. ಅಂದರೆ ಅವರ ತಪ್ಪುಗಳೆಲ್ಲ ನಿಂತು, ನೋಡಿ, ಯೋಚಿಸಿ ಮಾಡಿದ ತಪ್ಪುಗಳು. ಅಂಥ ತಪ್ಪಿನಿಂದ ಕಲಿಯಬಹುದು. ಇನ್ನು 2002ರಲ್ಲಿ ಆಗಷ್ಟೇ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಮೊದಲ ಆಯ್ಕೆಯಾಗಿದ್ದ ಡೇವಿಡ್ ಕಾರ್. ಅವರ ಎಡಭಾಗ ಕಾಯಲೆಂದು ತಂಡ ತಂದುಕೊಂಡಿದ್ದ ಅನುಭವಿ ಟ್ಯಾಕಲ್ ಟೋನಿ ಬೊಸೆಲ್ಲಿ ಭುಜದ ಗಾಯದಿಂದಾಗಿ ಆ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಕಾರ್ ಮೊದಲ ಪಂದ್ಯದಲ್ಲಿ ಡಲ್ಲಾಸ್ ತಂಡವನ್ನು ಸೋಲಿಸಿ ಇಡೀ ಊರನ್ನು ಕುಣಿಸಿದರು, ಆಮೇಲೆ ಅದೇ ಋತುವಿನಲ್ಲಿ 76 ಬಾರಿ ಸ್ಯಾಕ್ ಆದರು. ಒಂದು ಋತುವಿನಲ್ಲಿ ಅಷ್ಟು ಬಾರಿ ನೆಲಕ್ಕೆ ಬಿದ್ದವರು ಇನ್ನೊಬ್ಬರಿಲ್ಲ. ಆ ಹೊಡೆತವಿಲ್ಲದಿದ್ದರೆ ಕಾರ್ ಶ್ರೇಷ್ಠ ಆಟಗಾರರಾಗುತ್ತಿದ್ದರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ವರ್ಷ ಅವರು ಕಲಿತದ್ದು ಎದುರಾಳಿಯ ರಕ್ಷಣೆಯನ್ನು ಓದುವುದನ್ನಲ್ಲ, ಪೆಟ್ಟು ತಪ್ಪಿಸಿಕೊಳ್ಳುವುದನ್ನು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಪೆಟ್ಟು ತಿಂದ ಕ್ವಾರ್ಟರ್‌ಬ್ಯಾಕ್‌ಗೆ ಏನಾಗುತ್ತದೆ ಎಂಬುದನ್ನು ಹೊರಗಿನವರು ನೋಡುವುದು ಕಷ್ಟ, ಏಕೆಂದರೆ ಅದು ಕಣ್ಣಿನಲ್ಲಿ ಆಗುವ ಬದಲಾವಣೆ. ಅವನ ದೃಷ್ಟಿ ದೂರದಲ್ಲಿ ಓಡುತ್ತಿರುವ ಜೊತೆಗಾರರಿಂದ ಕೆಳಗಿಳಿದು, ಹತ್ತಿರ ನುಗ್ಗುತ್ತಿರುವವರ ಮೇಲೆ ನೆಡುತ್ತದೆ. ಯಾರೂ ಬಾರದಿದ್ದಾಗಲೂ ಅವನ ಕಾಲು ಕದಲುತ್ತದೆ. 2019ರ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಎದುರು ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟು ತಂಡ 33–0ರಿಂದ ಸೋತ ರಾತ್ರಿ, ನ್ಯೂಯಾರ್ಕ್ ಜೆಟ್ಸ್‌ನ ಸ್ಯಾಮ್ ಡಾರ್ನಲ್ಡ್ ತನಗೆ ದೆವ್ವಗಳು ಕಾಣಿಸುತ್ತಿವೆ ಎಂದದ್ದು ಮೈಕಿನಲ್ಲಿ ಕೇಳಿಬಂದು ದೇಶವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನನ್ನ ಕೈಯಿಂದಲೇ ಅಂಥ ಒಂದು ಕೆಲಸ ಆಗಿಹೋಗಿತ್ತು. ನಾನು ಈ ವೃತ್ತಿಗೆ ಬಂದ ಎರಡನೆಯ ವರ್ಷ, ಹದಿನೈದರ ಹುಡುಗನೊಬ್ಬನ ತೋಳಿಗೆ ಮರುಳಾಗಿ, ಎಡ ಟ್ಯಾಕಲ್ ಕಾಲು ಉಳುಕಿ ಹೊರಗಿದ್ದ ವಾರವೇ ಅವನನ್ನು ಇಳಿಸಿದೆ. ಅವನು ಮೊದಲ ಅರ್ಧದಲ್ಲಿ ಏಳು ಬಾರಿ ನೆಲಕ್ಕೆ ಬಿದ್ದ. ಮುಂದಿನ ವಾರ ಅಭ್ಯಾಸದಲ್ಲಿ, ಯಾರೂ ಮುಟ್ಟುವಂತಿಲ್ಲವೆಂಬ ಕೆಂಪು ಅಂಗಿ ತೊಟ್ಟು ನಿಂತಾಗಲೂ, ಅವನು ಎಸೆಯುವ ಮುನ್ನ ಎಡಕ್ಕೆ ಒಮ್ಮೆ ಕಣ್ಣು ಹಾಯಿಸುತ್ತಿದ್ದ. ಆ ಚಟ ಬಿಡಿಸಲು ಒಂದೂವರೆ ವರ್ಷ ಹಿಡಿಯಿತು. ಪೂರ್ತಿ ಬಿಟ್ಟಿತೆಂದು ಈಗಲೂ ಹೇಳಲಾರೆ.

ಹಾಗಾದರೆ ಕೂರಿಸುವುದೇ ಕ್ಷೇಮ ಎನ್ನುವಿರಿ. ಅಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಬೆಂಚಿನ ಮೇಲೆ ಕೂತು ನೋಡಿದರೆ ಕಲಿತಂತಾಗುತ್ತದೆ ಎಂಬುದು ಭ್ರಮೆ. ಲೀಗು ಮತ್ತು ಆಟಗಾರರ ಸಂಘದ ನಡುವಿನ 2011ರ ಕಾರ್ಮಿಕ ಒಪ್ಪಂದದ ನಂತರ ಅಭ್ಯಾಸದ ಅವಧಿಯನ್ನೇ ಬಿಗಿಯಾಗಿ ಕತ್ತರಿಸಲಾಗಿದೆ. ಪೂರ್ಣ ಕವಚ ತೊಟ್ಟು ಮಾಡುವ ಅಭ್ಯಾಸಗಳು ಇಡೀ ಋತುವಿಗೆ 14 ಮಾತ್ರ. ಇರುವ ಸರದಿಗಳಲ್ಲಿ ಬಹುಪಾಲು ಭಾನುವಾರ ಆಡುವವನಿಗೇ ಹೋಗುತ್ತದೆ, ಹೋಗಲೇಬೇಕು. ಉಳಿದವನು ಸ್ಕೌಟ್ ತಂಡದಲ್ಲಿ ನಿಂತು, ಈ ವಾರದ ಎದುರಾಳಿಯ ಆಟಗಳನ್ನು ಕಾರ್ಡು ನೋಡಿ ಅನುಕರಿಸುತ್ತಾನೆ. ಅಂದರೆ ತನ್ನ ತಂಡದ ಭಾಷೆಯನ್ನು ಕಲಿಯಬೇಕಾದ ಹುಡುಗ ವಾರಕ್ಕೊಂದು ಪರಭಾಷೆಯನ್ನು ಗಿಳಿಪಾಠ ಒಪ್ಪಿಸುತ್ತಿರುತ್ತಾನೆ. 2011ರಲ್ಲಿ ಎಂಟನೆಯ ಆಯ್ಕೆಯಾದ ಜೇಕ್ ಲಾಕರ್ ಅನುಭವಿ ಮ್ಯಾಟ್ ಹ್ಯಾಸೆಲ್‌ಬೆಕ್ ಹಿಂದೆ ಒಂದು ವರ್ಷ ಕೂತರು, ನಾಲ್ಕು ಋತು ಮುಗಿಯುತ್ತಲೇ ಆಟವನ್ನೇ ಬಿಟ್ಟರು. ಅವರ ಹೆಸರನ್ನು ಈ ವಾದದಲ್ಲಿ ಯಾರೂ ಎತ್ತುವುದಿಲ್ಲ.

ಮಹೋಮ್ಸ್ ಕಥೆಯನ್ನು ಎತ್ತುವವರು ಕೂಡ ಅರ್ಧವನ್ನೇ ಹೇಳುತ್ತಾರೆ. 2017ರಲ್ಲಿ ಹತ್ತನೆಯ ಆಯ್ಕೆಯಾದ ಅವರು ಅಲೆಕ್ಸ್ ಸ್ಮಿತ್ ಹಿಂದೆ ಕಾದು, ಋತುವಿನ ಕೊನೆಯ ಒಂದು ಪಂದ್ಯ ಆಡಿ, ಮರುವರ್ಷ 50 ಟಚ್‌ಡೌನ್ (ಅಂಕ ತರುವ ಎಸೆತ) ಎಸೆದು ಅತ್ಯುತ್ತಮ ಆಟಗಾರರಾದದ್ದು ನಿಜ. ಆದರೆ ಅವರು ಸೇರಿದ್ದು ಹಿಂದಿನ ಋತುವಿನಲ್ಲಿ 12 ಪಂದ್ಯ ಗೆದ್ದಿದ್ದ ತಂಡವನ್ನು. ಆ್ಯಂಡಿ ರೀಡ್‌ರಂಥ ತರಬೇತುದಾರ ಆಗಲೇ ನೆಲೆಯೂರಿದ್ದರು. ಮಹೋಮ್ಸ್ ಯಾರ ಹಿಂದೆ ಕಾದರೋ ಆ ಸ್ಮಿತ್ ತಾವೇ 2005ರ ಮೊದಲ ಆಯ್ಕೆಯಾಗಿ, ಸಿದ್ಧವಿಲ್ಲದ ತಂಡದಲ್ಲಿ ಒಂದು ಟಚ್‌ಡೌನ್‌ಗೆ 11 ಇಂಟರ್‌ಸೆಪ್ಷನ್ ಕೊಟ್ಟು ನರಳಿದವರು. ತಮ್ಮ ಜಾಗಕ್ಕೇ ಬಂದ ಹುಡುಗನಿಗೆ ಬಚ್ಚಿಡದೆ ಹೇಳಿಕೊಟ್ಟರು. ಕೂತದ್ದರಿಂದ ಮಹೋಮ್ಸ್ ಬೆಳೆದರೋ, ಕೂರಲು ಪುರಸೊತ್ತಿದ್ದ ಗಟ್ಟಿ ತಂಡ ಸಿಕ್ಕಿದ್ದರಿಂದ ಬೆಳೆದರೋ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ನನ್ನ ಒಲವು ಎರಡನೆಯದರ ಕಡೆಗೆ.

ಇಳಿಸುವುದೇ ಆದರೆ ಹೇಗೆ ಇಳಿಸಬೇಕು ಎಂಬುದಕ್ಕೆ ನನಗೆ ಇಂದಿಗೂ ಮೆಚ್ಚುಗೆಯಾಗುವುದು 2004ರ ಪಿಟ್ಸ್‌ಬರ್ಗ್ ತಂಡ. ಹೊಸಬ ಬೆನ್ ರಾಥ್ಲಿಸ್‌ಬರ್ಗರ್‌ರನ್ನು ಕೂರಿಸಬೇಕೆಂದೇ ಅವರ ಯೋಜನೆಯಿತ್ತು. ಎರಡನೆಯ ಪಂದ್ಯದಲ್ಲಿ ಟಾಮಿ ಮ್ಯಾಡಕ್ಸ್ ಗಾಯಗೊಂಡದ್ದರಿಂದ ಹುಡುಗ ಇಳಿಯಬೇಕಾಯಿತು. ತಂಡ ಗಾಬರಿಯಾಗದೆ ಆ ಋತುವಿನಲ್ಲಿ 600ಕ್ಕೂ ಹೆಚ್ಚು ಬಾರಿ ಚೆಂಡನ್ನು ಓಟಗಾರರ ಕೈಗೆ ಕೊಟ್ಟಿತು. ಹುಡುಗ ಎಸೆದದ್ದು 295 ಸಲ. ಓಟಕ್ಕೆ ಅಂಜಿದ ಎದುರಾಳಿ ಮುನ್ನುಗ್ಗಲು ಅರೆಕ್ಷಣ ತಡಮಾಡುತ್ತಾನೆ. ಆ ಅರೆಕ್ಷಣವೇ ಹೊಸಬನ ಬಂಡವಾಳ. ಅವರು ಆರಂಭಿಸಿದ ಹದಿಮೂರೂ ಲೀಗ್ ಪಂದ್ಯಗಳನ್ನು ತಂಡ ಗೆದ್ದಿತು. 2016ರಲ್ಲಿ ಟೋನಿ ರೋಮೊ ಗಾಯಗೊಂಡಾಗ ನಾಲ್ಕನೆಯ ಸುತ್ತಿನ ಆಯ್ಕೆ ಡ್ಯಾಕ್ ಪ್ರೆಸ್ಕಾಟ್ ನಮ್ಮ ಡಲ್ಲಾಸ್ ತಂಡಕ್ಕಾಗಿ 13 ಪಂದ್ಯ ಗೆದ್ದದ್ದರ ಹಿಂದೆಯೂ ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡರಿಕ್, ಝ್ಯಾಕ್ ಮಾರ್ಟಿನ್ ಇದ್ದ ಸಾಲಿತ್ತು. ಡ್ಯಾಕ್‌ರ ಅಂಗಿ ತೊಟ್ಟು ತಿರುಗುವ ನನ್ನ ಗೆಳೆಯರಲ್ಲಿ ಆ ಮೂವರ ಅಂಗಿ ಸಂಖ್ಯೆ ಹೇಳಬಲ್ಲವರು ಇಬ್ಬರೂ ಇಲ್ಲ.

ತಂಡಗಳಿಗೆ ಇದೆಲ್ಲ ತಿಳಿಯದೆಂದಲ್ಲ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ 7.8 ಕೋಟಿ ಡಾಲರಿನ ಒಪ್ಪಂದ ಸಿಕ್ಕಿತ್ತು. ಮರುವರ್ಷ ಹೊಸಬರ ಸಂಬಳಕ್ಕೆ ಮಿತಿ ಬಂದು ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ಸುಮಾರು 2.2 ಕೋಟಿ. ಅಗ್ಗದ ಈ ನಾಲ್ಕೈದು ವರ್ಷಗಳಲ್ಲಿ ಒಂದನ್ನು ಬೆಂಚಿಗೆ ಕೊಡಲು ಮಾಲೀಕನಿಗೆ ಮನಸ್ಸಿಲ್ಲ, ಎರಡು ವರ್ಷ ಸೋತರೆ ಕೆಲಸ ಹೋಗುವ ತರಬೇತುದಾರನಿಗೆ ಕಾಯಲು ಧೈರ್ಯವಿಲ್ಲ. 2023ರ ಮೊದಲ ಆಯ್ಕೆ ಬ್ರೈಸ್ ಯಂಗ್ ಕ್ಯಾರೊಲೈನಾದಲ್ಲಿ 62 ಬಾರಿ ಸ್ಯಾಕ್ ಆದ ವರ್ಷದ ನವೆಂಬರ್‌ನಲ್ಲೇ ಮುಖ್ಯ ತರಬೇತುದಾರರನ್ನು ಮನೆಗೆ ಕಳುಹಿಸಲಾಯಿತು. ಮರುವರ್ಷ ಎರಡು ಪಂದ್ಯ ಮುಗಿಯುತ್ತಲೇ ಯಂಗ್‌ರನ್ನೂ ಕೂರಿಸಿದರು. ಕೂರಿಸಿದಾಗ ಅವರ ಕಥೆ ಮುಗಿಯಿತೆಂದು ನಾನೂ ಭಾವಿಸಿದ್ದೆ. ಅವರ ಜಾಗದಲ್ಲಿ ಆಡುತ್ತಿದ್ದ ಆ್ಯಂಡಿ ಡಾಲ್ಟನ್ ಕಾರು ಅಪಘಾತದಲ್ಲಿ ಹೆಬ್ಬೆರಳು ನೋಯಿಸಿಕೊಂಡದ್ದರಿಂದ ಮರಳಿ ಬಂದ ಯಂಗ್ ಬೇರೆಯೇ ಆಟಗಾರನಂತೆ ಕಂಡರು. ಐದು ಪಂದ್ಯಗಳ ವಿಶ್ರಾಂತಿಯ ಮಹಿಮೆ ಎಂದು ಪತ್ರಿಕೆಗಳು ಬರೆದವು. ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ವರ್ಷದ ಮಾರ್ಚ್‌ನಲ್ಲಿ ತಂಡವು ರಾಬರ್ಟ್ ಹಂಟ್ ಮತ್ತು ಡೇಮಿಯನ್ ಲೂಯಿಸ್ ಎಂಬ ಇಬ್ಬರು ಗಾರ್ಡ್‌ಗಳಿಗೆ ದೊಡ್ಡ ಮೊತ್ತ ಕೊಟ್ಟು ಕರೆತಂದಿತ್ತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಹೋದ ಬೇಸಿಗೆಯಲ್ಲಿ ನನ್ನ ತಂಡದ ಹುಡುಗನೊಬ್ಬನ ತಂದೆ, ತುಮಕೂರು ಕಡೆಯವರು, ಅಭ್ಯಾಸ ಮುಗಿದ ಮೇಲೆ ಕಾರಿನ ಬಳಿ ಕಾದು ನಿಂತು, “ಸರ್, ನಮ್ಮ ಹುಡುಗನ್ನ ಯಾವಾಗ ಇಳಿಸ್ತೀರಿ? ಅವನ ಥ್ರೋ ನೋಡಿದ್ದೀರಲ್ಲ” ಎಂದು ಕೇಳಿದರು. ಥ್ರೋ ನೋಡಿದ್ದೆ, ಬಹಳ ಚೆನ್ನಾಗಿತ್ತು. ನಾನು ಅವರಿಗೆ ನಲವತ್ತು ಕಾರ್ಡುಗಳನ್ನು ಕೊಟ್ಟು, ಮನೆಯ ಮುಂದೆ ಐದು ಕುರ್ಚಿಗಳನ್ನು ಸಾಲಾಗಿ ಇಡಿ, ಎದುರಿಗೆ ನೆಂಟರಿಷ್ಟರಲ್ಲಿ ಆರು ಜನರನ್ನು ಕಾರ್ಡಿನಲ್ಲಿರುವಂತೆ ನಿಲ್ಲಿಸಿ, ಮಗ ಮೂರು ಎಣಿಸುವುದರೊಳಗೆ ಯಾವ ಕುರ್ಚಿಗೆ ಯಾರು, ಉಳಿಯುವವನು ಯಾರು ಎಂದು ಬೆರಳು ತೋರಿಸಬೇಕು, ಚೆಂಡನ್ನು ಮುಟ್ಟುವುದೇ ಬೇಡ ಎಂದೆ. ಅವರು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡೇ ಹೋದರು. ಎರಡು ವಾರದ ನಂತರ ರಾತ್ರಿ ಹತ್ತರ ಮೇಲೆ ಫೋನು ಬಂತು.

“ಸರ್, ಎಲ್ಲಾ ಥರ ನಿಲ್ಲಿಸಿ ನೋಡಿದ್ವಿ. ಹೆಂಗೆ ನಿಲ್ಲಿಸಿದ್ರೂ ಒಬ್ಬ ಉಳಿದುಬಿಡ್ತಾನಲ್ಲ ಸರ್!”

ಅವರ ಮಗನನ್ನು ಋತುವಿನ ನಾಲ್ಕನೆಯ ಪಂದ್ಯದಲ್ಲಿ ಇಳಿಸಿದೆ.