ಮೂವತ್ತು ಸೆಕೆಂಡಿನ ನಗೆ ಯಾರ ತಲೆಯ ಮೇಲೆ?

2019ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರವು ಫಿಲಡೆಲ್ಫಿಯಾ ಚೀಸ್‌ನ ಒಂದು ಟಿ.ವಿ. ಜಾಹೀರಾತಿಗೆ ನಿಷೇಧ ಹೇರಿತು. ಅದರಲ್ಲಿದ್ದುದು ಇಷ್ಟೇ: ತಿಂಡಿಯ ತಟ್ಟೆಗಳು ಚಲಿಸುವ ಪಟ್ಟಿಯ ಮೇಲೆ ಸಾಗಿಬರುವ ಹೋಟೆಲೊಂದರಲ್ಲಿ ಇಬ್ಬರು ಅಪ್ಪಂದಿರು ಹಸುಗೂಸುಗಳನ್ನು ಎತ್ತಿಕೊಂಡಿದ್ದಾರೆ, ತಿನ್ನುವುದರಲ್ಲಿ ಮೈಮರೆತು ಕೂಸುಗಳನ್ನೂ ಅದೇ ಪಟ್ಟಿಯ ಮೇಲೆ ಕೂರಿಸಿಬಿಡುತ್ತಾರೆ, ಎಚ್ಚೆತ್ತು ಎತ್ತಿಕೊಂಡ ಮೇಲೆ, ಅಮ್ಮನಿಗೆ ಹೇಳುವುದು ಬೇಡ ಎಂಬ ಮಾತು ಬರುತ್ತದೆ. ಇದರ ಬಗ್ಗೆ 128 ದೂರುಗಳು ಬಂದವು. ಮಕ್ಕಳನ್ನು ನೋಡಿಕೊಳ್ಳುವವರು ತಾಯಂದಿರೇ ಎಂಬ ಹಳೆಯ ಚಿತ್ರವನ್ನು ತಪ್ಪಿಸಲೆಂದೇ ತಾನು ಅಪ್ಪಂದಿರನ್ನು ಆರಿಸಿಕೊಂಡದ್ದಾಗಿ ಕಂಪನಿ ವಾದಿಸಿತು. ಪ್ರಾಧಿಕಾರ ಒಪ್ಪಲಿಲ್ಲ. ಗಂಡಸಿಗೆ ಮಗು ನೋಡಿಕೊಳ್ಳಲು ಬರುವುದಿಲ್ಲ ಎಂಬ ಕಲ್ಪನೆ ನೋಡುಗರಿಗೆ ಮೊದಲೇ ಗೊತ್ತಿರುವುದರಿಂದಲೇ ಇಲ್ಲಿ ನಗು ಹುಟ್ಟುತ್ತದೆ, ಆದ್ದರಿಂದ ಹಾಸ್ಯವು ಆ ಕಲ್ಪನೆಯ ಕೆಡುಕನ್ನು ಕಡಿಮೆ ಮಾಡುವುದಿಲ್ಲ ಎಂಬುದು ಅದರ ತೀರ್ಪಿನ ಸಾರ. ಹಾನಿ ಉಂಟುಮಾಡಬಲ್ಲ ಲಿಂಗ ಸಿದ್ಧಮಾದರಿಗಳನ್ನು, ಅಂದರೆ ಗಂಡು ಹೀಗೆ, ಹೆಣ್ಣು ಹೀಗೆ ಎಂಬ ಅಚ್ಚೊತ್ತಿದ ಕಲ್ಪನೆಗಳನ್ನು, ತಡೆಯುವ ನಿಯಮ ಜಾರಿಗೆ ಬಂದು ಆಗಿನ್ನೂ ಎರಡೇ ತಿಂಗಳಾಗಿತ್ತು.

ತೀರ್ಪು ಅತಿಯಾಯಿತೆಂದು ಅಂದು ಆಡಿಕೊಂಡವರು ಹಲವರು. ನನಗೂ ಆ ಜಾಹೀರಾತಿನಲ್ಲಿ ದೊಡ್ಡ ಅಪರಾಧವೇನೂ ಕಾಣುವುದಿಲ್ಲ. ಆದರೆ ಜಾಹೀರಾತಿನ ನಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆ ತೀರ್ಪಿನಷ್ಟು ಸರಿಯಾಗಿ ಹಿಡಿದಿಟ್ಟ ಮಾತು ಅಪರೂಪ.

ಇದರ ಮೂಲ ಸಮಯದ ಅಭಾವದಲ್ಲಿದೆ. ಅಮೆರಿಕದ ಟಿ.ವಿ.ಯಲ್ಲಿ ಬಹುಕಾಲ ಒಂದು ನಿಮಿಷದ ಜಾಹೀರಾತು ವಾಡಿಕೆಯಾಗಿತ್ತು. 1970ರ ದಶಕದ ಆರಂಭದ ಹೊತ್ತಿಗೆ ಅದು ಮೂವತ್ತು ಸೆಕೆಂಡಿಗೆ ಇಳಿಯಿತು. ಕಥೆಗಾರನಾದರೆ ಪಾತ್ರವನ್ನು ಪರಿಚಯಿಸಲು ಪುಟಗಟ್ಟಲೆ ತೆಗೆದುಕೊಳ್ಳಬಹುದು, ಧಾರಾವಾಹಿಗೆ ವಾರಗಟ್ಟಲೆ ಸಿಗುತ್ತದೆ. ಜಾಹೀರಾತಿನವನಿಗೆ ಎರಡು ಸೆಕೆಂಡು ಸಿಕ್ಕರೆ ಹೆಚ್ಚು. ಆದ್ದರಿಂದ ಅವನು ನೋಡುಗನ ತಲೆಯಲ್ಲಿ ಮೊದಲೇ ಕುಳಿತಿರುವ ಪಾತ್ರಗಳನ್ನೇ ಕರೆಯುತ್ತಾನೆ: ಗಂಡನನ್ನು ಗದರುವ ಹೆಂಡತಿ, ಜಿಪುಣ ವ್ಯಾಪಾರಿ, ಬಾಯಿಬಡುಕಿ ಅತ್ತೆ. ಪರಿಚಯದ ಖರ್ಚು ಉಳಿಯುತ್ತದೆ.

ಹೀಗೆ ಉಳಿಸಿದ್ದು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದಕ್ಕೆ ಫ್ರಿಟೊ-ಲೇ ಕಂಪನಿಯು 1967ರಲ್ಲಿ ಹೊರತಂದ ‘ಫ್ರಿಟೊ ಬ್ಯಾಂಡಿಟೊ’ ಎಂಬ ಕಾರ್ಟೂನ್ ಪಾತ್ರ ಒಳ್ಳೆಯ ಉದಾಹರಣೆ. ಅಗಲ ಟೋಪಿ, ಕುರುಚಲು ಗಡ್ಡ, ಚಿನ್ನದ ಹಲ್ಲು, ಸೊಂಟದಲ್ಲಿ ಪಿಸ್ತೂಲು ಇದ್ದ ಈ ಮೆಕ್ಸಿಕನ್ ಡಕಾಯಿತ ಕಂಡಕಂಡವರ ಜೋಳದ ಚಿಪ್ಸನ್ನು ದೋಚುತ್ತಿದ್ದ. ಮೆಕ್ಸಿಕನ್ ಮೂಲದ ಅಮೆರಿಕನ್ನರ ಸಂಘಟನೆಗಳು ಪ್ರತಿಭಟಿಸಿದಾಗ ಕಂಪನಿ ಮೊದಲು ಹಲ್ಲನ್ನೂ ಗಡ್ಡವನ್ನೂ ತೆಗೆಸಿತು, ಪಿಸ್ತೂಲಿನ ದರೋಡೆಕೋರ ಹಲ್ಲುಜ್ಜಿ ಕ್ಷೌರ ಮಾಡಿಸಿಕೊಂಡು ಬಂದರೆ ಸಾಕು ಎಂಬಂತೆ. ಅದು ಸಾಲದೆ, 1971ರ ಸುಮಾರಿಗೆ ಪಾತ್ರವನ್ನೇ ಕೈಬಿಡಬೇಕಾಯಿತು. ಇಲ್ಲಿ ಇನ್ನೊಂದು ವಿಚಿತ್ರವಿದೆ. ಫ್ರಿಟೊಸ್ ಎಂಬ ಆ ಚಿಪ್ಸ್ ತಯಾರಿಸುವ ವಿಧಾನವನ್ನು ಚಾರ್ಲ್ಸ್ ಎಲ್ಮರ್ ಡೂಲಿನ್ 1932ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ನೂರು ಡಾಲರಿಗೆ ಕೊಂಡದ್ದು ಮೆಕ್ಸಿಕೊದವನೊಬ್ಬನಿಂದಲೇ. ಜಾಹೀರಾತಿನಲ್ಲಿ ಮಾತ್ರ ಕದಿಯುವವನು ಮೆಕ್ಸಿಕನ್.

ಇದನ್ನು ಪಾಶ್ಚಾತ್ಯರ ರೋಗ ಎಂದು ಬದಿಗಿಡಲಾಗದು. ಭರತನ ನಾಟ್ಯಶಾಸ್ತ್ರವು ಹಾಸ್ಯರಸದ ಕಾರಣಗಳನ್ನು ಹೇಳುವಾಗ ವಿಕೃತ ವೇಷ, ಅಸಂಬದ್ಧ ಮಾತು, ಅಂಗವೈಕಲ್ಯದ ಪ್ರದರ್ಶನ, ಇತರರ ದೋಷವನ್ನು ಎತ್ತಿ ಹೇಳುವುದು ಇವನ್ನೆಲ್ಲ ಸೇರಿಸುತ್ತದೆ. ಈ ರಸವು ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ ಮತ್ತು ಕೀಳು ಪಾತ್ರಗಳಲ್ಲಿ ಎಂದೂ ಹೇಳುತ್ತದೆ. ಗಂಡಸು ಸೀರೆಯುಟ್ಟು ಬಂದೊಡನೆ ಚಪ್ಪಾಳೆ ಬೀಳುವ ಇಂದಿನ ಕನ್ನಡ ಕಾಮಿಡಿ ಷೋಗಳ ಅರ್ಧ ಸರಕು ಆ ಒಂದೇ ಪಟ್ಟಿಯಲ್ಲಿದೆ.

ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಂದು. ಇಡೀ ದೇಶಕ್ಕೆ ಒಂದೇ ಜಾಹೀರಾತು ಸಾಕು ಎಂಬ ಲೆಕ್ಕಾಚಾರದಲ್ಲಿ ಹಿಂದಿಯಲ್ಲಿ ತಯಾರಾಗಿ ಉಳಿದ ಭಾಷೆಗಳಿಗೆ ಡಬ್ ಆಗುವ ಪದ್ಧತಿ ಬೆಳೆಯಿತು. ಅಲ್ಲಿ ದಕ್ಷಿಣದವನೆಂದರೆ ಲುಂಗಿ, ವಿಭೂತಿ, ಎರಡು ಮಾತಿಗೊಮ್ಮೆ ‘ಅಯ್ಯಯ್ಯೋ’. ಹಿಂದಿ ಸಿನಿಮಾದಿಂದ ಬಂದ ಈ ‘ಮದ್ರಾಸಿ’ಗೆ ಕನ್ನಡ, ತಮಿಳು, ತೆಲುಗು, ಮಲಯಾಳ ಎಂಬ ಭೇದವೇ ಇಲ್ಲ. ಅವನನ್ನು ಅಣಕಿಸುವ ಜಾಹೀರಾತು ಕನ್ನಡಕ್ಕೆ ಡಬ್ ಆಗಿ ಬಂದರೆ, ಅವನು ಯಾರು ಎಂಬುದೇ ಕನ್ನಡದ ನೋಡುಗನಿಗೆ ಹೊಳೆಯುವುದಿಲ್ಲ.

ಇದಕ್ಕೆ ಬೇರೆಯದೇ ದಾರಿ ಹಿಡಿದವು ಒಗಿಲ್ವಿ ಜಾಹೀರಾತು ಸಂಸ್ಥೆಯ ಪಿಯೂಷ್ ಪಾಂಡೆ ಮತ್ತು ಅವರ ತಂಡದ ಫೆವಿಕಾಲ್ ಜಾಹೀರಾತುಗಳು. ಒಂದರಲ್ಲಿ ಢಾಬಾದ ಅಡುಗೆಯವನಿಗೆ ಎಷ್ಟು ಕುಟ್ಟಿದರೂ ಮೊಟ್ಟೆ ಒಡೆಯುವುದಿಲ್ಲ. ಕೋಳಿ ಕಾಳು ಹೆಕ್ಕುತ್ತಿರುವುದು ಫೆವಿಕಾಲ್ ಡಬ್ಬಿಯಿಂದ ಎಂಬುದು ಆಮೇಲೆ ತಿಳಿಯುತ್ತದೆ. ಇನ್ನೊಂದರಲ್ಲಿ ಮರುಭೂಮಿಯ ಹಾದಿಯಲ್ಲಿ ಒಳಗೆ, ಹೊರಗೆ, ಮೇಲೆ ಜನ ಜೋತುಬಿದ್ದ ಬಸ್ಸು ಕುಲುಕುತ್ತ ಸಾಗುತ್ತದೆ, ಒಬ್ಬನೂ ಬೀಳುವುದಿಲ್ಲ. ಬಸ್ಸಿನ ಹಿಂಭಾಗದಲ್ಲಿ ಫೆವಿಕಾಲ್ ಫಲಕ ಕಾಣುತ್ತದೆ. ಈ ಬಸ್ಸಿಗೆ 2002ರಲ್ಲಿ ಕಾನ್ ಜಾಹೀರಾತು ಉತ್ಸವದ ಬೆಳ್ಳಿ ಪ್ರಶಸ್ತಿ ಬಂತು. ಪೇಟಾ ಕಟ್ಟಿದ ಹಳ್ಳಿಯವರು ಕಿಕ್ಕಿರಿದ ಬಸ್ಸೂ ಒಂದು ಸಿದ್ಧಮಾದರಿಯೇ ಅಲ್ಲವೇ ಎಂದರೆ, ಹೌದು. ಆದರೆ ನಗು ಹುಟ್ಟುವುದು ಅಂಟಿನ ಬಗೆಗಿನ ಅತಿಶಯೋಕ್ತಿಯಿಂದ; ಬಸ್ಸಿನಲ್ಲಿದ್ದವರ ದಡ್ಡತನದಿಂದಲ್ಲ. ಮಾತಿನ ಹಂಗಿಲ್ಲದ ಕಾರಣ ಡಬ್ಬಿಂಗಿನ ಕಾಟವೂ ಇಲ್ಲ.

ನಿಯಮಗಳ ಕಡೆ ನೋಡಿದರೆ, 1985ರಲ್ಲಿ ಉದ್ಯಮದವರೇ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2022ರ ಜೂನ್‌ನಲ್ಲಿ ಲಿಂಗ ಸಿದ್ಧಮಾದರಿಗಳ ಕುರಿತು ಮಾರ್ಗಸೂಚಿ ಹೊರಡಿಸಿತು. ಹೆಣ್ಣು ಅಥವಾ ಗಂಡು ಹೀಗೇ ಇರಬೇಕೆಂಬ ಅಚ್ಚಿಗೆ ಹೊಂದದವರನ್ನು ತಮಾಷೆಯ ಹೆಸರಿನಲ್ಲೂ ಅಣಕಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇದಕ್ಕಿಂತ ಮುಂಚಿನ 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ, ಜನಾಂಗ, ಜಾತಿ, ಬಣ್ಣ, ಮತ, ರಾಷ್ಟ್ರೀಯತೆಗಳನ್ನು ಹೀಗಳೆಯುವ ಜಾಹೀರಾತಿಗೆ ತಡೆಯಿದೆ. ಆ ಪಟ್ಟಿಯಲ್ಲಿ ಭಾಷೆಯಾಗಲಿ ಪ್ರಾಂತ್ಯವಾಗಲಿ ಇಲ್ಲ, ಹಾಗಾಗಿ ‘ಮದ್ರಾಸಿ’ಯನ್ನು ನೇರವಾಗಿ ಕಾಯುವ ಶಬ್ದವೊಂದೂ ಅದರಲ್ಲಿಲ್ಲ. ಅದೇ ನಿಯಮಾವಳಿಯ ಕಾರ್ಯಕ್ರಮ ಸಂಹಿತೆಯಲ್ಲಾದರೋ ಭಾಷಿಕ ಮತ್ತು ಪ್ರಾದೇಶಿಕ ಸಮುದಾಯಗಳನ್ನು ಹಗುರವಾಗಿ ಚಿತ್ರಿಸಬಾರದೆಂಬ ಮಾತು ಬರಹದಲ್ಲಿದೆ. ಆದರೂ ನಮ್ಮ ಕಾಮಿಡಿ ಷೋಗಳಲ್ಲಿ ಮಂಗಳೂರಿನವನು ಗ್ರಂಥಸ್ಥ ಕನ್ನಡದಲ್ಲಿ ‘ಎಂಥದು ಮಾರಾಯ್ರೆ’ ಎನ್ನುತ್ತಲೇ ಇರುತ್ತಾನೆ, ಧಾರವಾಡದವನು ಏರುದನಿಯಲ್ಲಿ ಒದರುತ್ತಲೇ ಇರುತ್ತಾನೆ. ಅವರ ಪಾತ್ರವನ್ನು ಬರೆಯುವವರೂ ಕನ್ನಡಿಗರೇ, ಕುಳಿತು ನಗುವವರೂ ಕನ್ನಡಿಗರೇ.